ಎಣ್ಣೆ ಹಾಕಬಾರದ ಬಂದೂಕು

ನಮ್ಮೂರಿನಲ್ಲಿ ಕೋಳಿ ಕದ್ದವನನ್ನು ಬೈದು ಬಿಟ್ಟುಬಿಡುತ್ತಾರೆ, ಕುಡಿದು ಕಟ್ಟೆಯ ಮೇಲೆ ಬಿದ್ದವನನ್ನು ಎತ್ತಿ ಮನೆ ಮುಟ್ಟಿಸುತ್ತಾರೆ. ಮನೆಯ ಬಂದೂಕಿಗೆ ಎಣ್ಣೆ ಹಾಕಿದವನನ್ನು ಏನು ಮಾಡಬೇಕು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನನಗಿಂತ ಮುಂಚೆ ಆ ಕೆಲಸ ಮಾಡಿದವರೇ ಇರಲಿಲ್ಲ.

ನನ್ನ ಹೆಸರು ಓಬಳೇಶ, ಊರವರ ಬಾಯಲ್ಲಿ ಓಬ. ಯಾರ ಹತ್ತಿರವೂ ಕಲಿಯದೆ, ಬಿಚ್ಚಿ ಬಿಚ್ಚಿ ನೋಡಿಯೇ ಸ್ಟೌ, ಹೊಲಿಗೆ ಮಿಷನ್ನು, ಹಿಟ್ಟಿನ ಗಿರಣಿಯ ಮೋಟರು ರಿಪೇರಿ ಮಾಡುವುದನ್ನು ಕಲಿತವನು. ಜೇಬಿನಲ್ಲಿ ಸದಾ ಒಂದು ಎಣ್ಣೆಯ ಡಬ್ಬಿ. ಕಿರ್ ಅನ್ನುವುದು ಯಾವುದು ಕಂಡರೂ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನಮ್ಮ ಅತ್ತಿಗೆ ಪಾಲಮ್ಮ ತಮಾಷೆ ಮಾಡುತ್ತಿದ್ದರು, "ಓಬನ ಎದುರಿಗೆ ಮುದುಕ್ರು ಮಂಡಿ ಮಡಚಬಾರ್ದು ಕಣ್ರೀ, ಎಣ್ಣೆ ಬಿಟ್ಬಿಡ್ತಾನೆ" ಅಂತ.

ಊರಿನ ಮೂಡಲಿಗೆ ದೊಡ್ಡ ಬಯಲು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಅದರ ಮೇಲೆ ಬಿಳುಪು ಇಳಿಯುತ್ತದೆ. ಮಂಜು ಅನ್ನೋಣವೆಂದರೆ ಮಂಜು ಬಿಸಿಲಿಗೆ ಕರಗುತ್ತದೆ, ಇದು ಕರಗುವುದಿಲ್ಲ. ಹೊಗೆ ಅನ್ನೋಣವೆಂದರೆ ವಾಸನೆ ಇಲ್ಲ. ನಮ್ಮ ಬೀದಿಯ ಕೊನೆಯ ಕಲ್ಲಿನವರೆಗೆ ಬಂದು ಗೋಡೆಯ ಹಾಗೆ ನಿಂತುಬಿಡುತ್ತದೆ, ನಲವತ್ತು ದಿನ. ಅದರ ಅಡಿಯಲ್ಲಿ ಬೆಳೆಯುವ ಹುಲ್ಲು ತಿಂದ ಕುರಿಯ ಉಣ್ಣೆ ಬೆರಳಿಗೆ ಹಾಲಿನ ಕೆನೆ ತಾಕಿದ ಹಾಗೆ ಇರುತ್ತದೆ. ಊರು ಬದುಕುವುದೇ ಆ ಉಣ್ಣೆಯಿಂದ. ಹಾಗಾಗಿ ಮನೆಗೊಬ್ಬರು ಮಂದೆ ಹೊಡೆದುಕೊಂಡು ಒಳಗೆ ಹೋಗುತ್ತಾರೆ. ಹೋದವರಿಗೆ ತಮ್ಮ ಅಂಗೈ ತಮಗೆ ಕಾಣುವುದಿಲ್ಲ. ಅಲ್ಲಿ ಕೂಗು, ಗಂಟೆ, ತಮಟೆ ಎಲ್ಲವೂ ಎಂಟು ದಿಕ್ಕಿನಿಂದಲೂ ಬರುತ್ತವೆ. ಗುಂಡಿನ ಸದ್ದು ಹತ್ತು ಮಾರು ದಾಟುವುದಿಲ್ಲ. ಲಿವರ್ ಬಂದೂಕಿನ ಲಿವರ್ ಆಡಿಸಿದ ಸದ್ದು ಮಾತ್ರ ದಾರ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ.

ಆದ್ದರಿಂದ ನಮ್ಮಲ್ಲಿ ಒಲೆ ಇಲ್ಲದ ಮನೆ ಇದ್ದೀತು, ಲಿವರ್ ಬಂದೂಕು ಇಲ್ಲದ ಮನೆ ಇಲ್ಲ. ತೋಟಾ ಯಾರ ಮನೆಯಲ್ಲೂ ಇಲ್ಲ. ಗುಂಡು ಹಾರಿಸುವ ಕುದುರೆಯ ಸುತ್ತ ಇರುವ ಕಬ್ಬಿಣದ ಬಳೆಯೇ ಲಿವರ್, ಅದರೊಳಗೆ ಬೆರಳು ತೂರಿಸಿ ಕೆಳಗೆ ಒತ್ತಿದರೆ ಚಕ್, ಮೇಲಕ್ಕೆ ಎಳೆದರೆ ಟಕ್. ಸೂರ್ಯ ಹುಟ್ಟುವಾಗ ಮೂರು ಸಲ, ದನ ಮನೆಗೆ ಬರುವಾಗ ಮೂರು ಸಲ. ಹೆಂಗಸರು ಹೊಸ್ತಿಲ ಮೇಲೆ ನಿಂತು, ಬಂದೂಕನ್ನು ಸೊಂಟಕ್ಕೆ ಆನಿಸಿ ಆಡಿಸುತ್ತಾರೆ. ಎಪ್ಪತ್ತು ಮನೆಯ ಚಕ್ ಟಕ್ ಒಟ್ಟಿಗೆ ಎದ್ದರೆ ಊರು ಒಂದು ದೊಡ್ಡ ಮಗ್ಗ ಅನ್ನಿಸುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಈಗಲೂ ಮೈ ಜುಮ್ಮೆನ್ನುತ್ತದೆ. ಒಳಗಿದ್ದವರಿಗೆ ಆ ಎಪ್ಪತ್ತರಲ್ಲಿ ತಮ್ಮ ಮನೆಯದು ಯಾವುದು ಅಂತ ತಿಳಿಯುತ್ತದೆ. ತುಕ್ಕು, ಸವೆತ, ಹಳೆಯ ಜಿಡ್ಡು, ಇವೇ ಬಂದೂಕಿನ ದನಿ ಅಂತ ಹಿರಿಯರ ಮಾತು. ಅದಕ್ಕೇ ಎಣ್ಣೆ ಹಾಕಬಾರದು.

ನಾನು ಹಾಕಿದೆ. ಬೇಕಂತಲೇ ಅಲ್ಲ. ನಮ್ಮಣ್ಣ ಅರವತ್ತು ಕುರಿ ಹೊಡೆದುಕೊಂಡು ಬಿಳುಪಿನೊಳಗೆ ಹೋಗಿ ಆರು ದಿನವಾಗಿತ್ತು. ಅತ್ತಿಗೆ ಬೆಳಗಿನ ಕರೆ ಮುಗಿಸಿ ಬಂದೂಕನ್ನು ಮೂಲೆಗೆ ಒರಗಿಸಿ ಹೋಗಿದ್ದರು. ಪಕ್ಕದಲ್ಲೇ ಹೊಲಿಗೆ ಮಿಷನ್ನು ಬಿಚ್ಚಿಕೊಂಡು ಕೂತಿದ್ದ ನನ್ನ ಕೈ, ಮಿಷನ್ನಿಗೆ ಎರಡು ಹನಿ ಬಿಟ್ಟು, ಯಾವುದೋ ಯೋಚನೆಯಲ್ಲಿ ಬಂದೂಕಿಗೂ ನಾಲ್ಕು ಹನಿ ಬಿಟ್ಟಿತು. ಸಂಜೆ ಅತ್ತಿಗೆ ಹೊಸ್ತಿಲಲ್ಲಿ ನಿಂತು ಲಿವರ್ ಒತ್ತಿದರೆ ಬೆಕ್ಕು ನಡೆದ ಹಾಗೆ ಹೋಯಿತು, ಬೆಕ್ಕು ನಡೆದ ಹಾಗೆ ಬಂತು. ಅವರು ಬಂದೂಕನ್ನು ನೋಡಿದರು. ಆಮೇಲೆ ನನ್ನ ಜೇಬನ್ನು ನೋಡಿದರು.

ಸೀಮೆಎಣ್ಣೆಯಲ್ಲಿ ತೊಳೆದೆ, ಬೂದಿ ಹಾಕಿ ತಿಕ್ಕಿದೆ, ಉಪ್ಪುನೀರು ಹಚ್ಚಿದೆ. ಬೆಳಗಾಗುವ ಹೊತ್ತಿಗೆ ಒಳಗಿನ ಸ್ಪ್ರಿಂಗು ಪಟ್ಟೆಂದು ಎರಡಾಯಿತು. ಆ ಬೆಳಿಗ್ಗೆ ಅರವತ್ತೊಂಬತ್ತು ಮನೆ ಕರೆದವು, ನಮ್ಮದು ಕರೆಯಲಿಲ್ಲ.

ಇದರ ಅರ್ಥ ಊರಲ್ಲಿ ಎಲ್ಲರಿಗೂ ಗೊತ್ತು. ಮೂರನೇ ಸಂಜೆಯೊಳಗೆ ತನ್ನ ಮನೆಯ ದನಿ ಕೇಳದವನು ಬೇರೆ ಯಾವುದೋ ದನಿಯ ಹಿಂದೆ ನಡೆಯತೊಡಗುತ್ತಾನೆ. ಬಯಲಿನ ಆಚೆ ಯಾವ ಯಾವ ಊರುಗಳಿವೆಯೋ, ಅಲ್ಲಿನ ಯಾವುದೋ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ನಿಂತ ಮೇಲೆ ಹಿಂದಿನದು ಒಂದೂ ನೆನಪಿರುವುದಿಲ್ಲ, ಆ ಮನೆಯವನೇ ಆಗಿಬಿಡುತ್ತಾನೆ. ಸಾಯುವುದಿಲ್ಲ. ಅದಕ್ಕೇ ಅಳುವುದಕ್ಕೂ ಬರುವುದಿಲ್ಲ.

ಅತ್ತಿಗೆ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ನಡಿ ಓಬ, ಆಚಾರ್ರ ಅಂಗಡಿಗೆ" ಅಂದರು. ಬೈದಿದ್ದರೆ ಎಷ್ಟೋ ಸುಖವಾಗುತ್ತಿತ್ತು.

ಬಂದೂಕಿನ ಅಂಗಡಿ ಮೋನಪ್ಪಾಚಾರ್ರದು. ಅವರು ಕೂಡ ಹಾಗೆ ಬಂದು ನಿಂತವರೇ. ನಲವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಿಳುಪಿನಿಂದ ಈಚೆ ಬಂದು ಕಮ್ಮಾರಸಾಲೆಯ ಬಾಗಿಲಲ್ಲಿ ನಿಂತ ಹುಡುಗನಿಗೆ ಹೆಸರೂ ಗೊತ್ತಿರಲಿಲ್ಲ, ಊರೂ ಗೊತ್ತಿರಲಿಲ್ಲ, ತಿಂಗಳುಗಟ್ಟಲೆ ಮಾತೂ ಇರಲಿಲ್ಲವಂತೆ. ಮೋನಪ್ಪ ಅಂತ ಸಾಲೆಯವರೇ ಹೆಸರಿಟ್ಟು, ಕೆಲಸ ಕಲಿಸಿ, ಮಗಳು ಈರಮ್ಮನನ್ನು ಕೊಟ್ಟು ಮದುವೆ ಮಾಡಿದರು. ಅವರ ಅಂಗಡಿಯ ಮೂರು ಗೋಡೆಗೂ ಬಂದೂಕುಗಳೇ. ಉದ್ದ ನಳಿಗೆಯವು, ಗಿಡ್ಡ ನಳಿಗೆಯವು, ಬೀಟೆಮರದ ಹಿಡಿಯವು, ಹಿತ್ತಾಳೆ ಹೊಟ್ಟೆಯವು, ಕೈಬಳೆಯಷ್ಟು ದೊಡ್ಡ ಲಿವರಿನವು, ಎರಡೇ ಬೆರಳು ಹಿಡಿಸುವ ಲಿವರಿನವು. ಬಾಗಿಲಿನ ಬೆಳಕು ಅವುಗಳ ಮೇಲೆ ಬಿದ್ದಾಗ ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಯಾರೂ ಬಿಡು ಅಂದಿರಲಿಲ್ಲ.

"ಬಾರವ್ವ ಪಾಲಮ್ಮ. ನಿಮ್ಮನೆ ದನಿ ಎರಡು ಹೊತ್ತಿಂದ ಇಲ್ಲ. ನಾನೇ ಬರಾನಾ ಅಂತಿದ್ದೆ" ಅಂದರು ಆಚಾರ್ರು.

ನಾನು ನಡೆದದ್ದು ಹೇಳಿದೆ. ಒಳಗಿನಿಂದ ಶೇಂಗಾ ತುಂಬಿದ ಮೊರ ಹಿಡಿದು ಬಂದ ಈರಮ್ಮ ನಿಂತಲ್ಲೇ ನಿಂತರು. "ಎಣ್ಣೆ ಹಾಕ್ದ್ಯಾ? ಲೋ, ನಿನ್ನ ತಲೆಗೆ ಹಾಕ್ಕಂಡಿದ್ರೆ ಒಂದೀಟು ಬುದ್ಧಿನಾದ್ರೂ ತಂಪಾಗಿ ಇರ್ತಿತ್ತಲ್ಲೋ!"

"ಈಗ ಬಯ್ಯೋದು ಬ್ಯಾಡ ಬಿಡೇ" ಅಂದ ಆಚಾರ್ರು ಅತ್ತಿಗೆಯನ್ನು ಸ್ಟೂಲಿನ ಮೇಲೆ ಗೋಡೆಗೆ ಬೆನ್ನುಮಾಡಿ ಕೂರಿಸಿದರು. ನಮ್ಮಲ್ಲಿ ಬಂದೂಕು ಆರಿಸುವುದೇ ಹಾಗೆ. ನೋಡಿ ಆರಿಸಿದರೆ ಹಿತ್ತಾಳೆಗೆ ಮರುಳಾಗುತ್ತಾರೆ. "ಕಣ್ಣು ಮುಚ್ಕಳವ್ವ. ಮನೇದು ಅನ್ನಿಸಿದ ಕೂಡಲೆ ಕೈ ಎತ್ತು."

ಒಂದೊಂದೇ ಬಂದೂಕು ಇಳಿಸಿ ಆಡಿಸುತ್ತಾ ಹೋದರು. ಆಹಾ, ಎಂಥೆಂಥ ದನಿಗಳು ಅಂತೀರಿ! ಒಂದು ಅಡಿಕೆ ಕತ್ತರಿಸಿದ ಹಾಗೆ. ಒಂದು ಹಳೇ ಪೆಟ್ಟಿಗೆಯ ಬೀಗ ತೆಗೆದ ಹಾಗೆ. ಇನ್ನೊಂದು, ಮುದುಕಿಯೊಬ್ಬಳು ಬೇಜಾರಿನಲ್ಲಿ ನಾಲಗೆ ಲೊಚಗುಟ್ಟಿದ ಹಾಗೆ. ಅತ್ತಿಗೆ ಎರಡು ಸಲ ಕೈ ಎತ್ತಿ ಎರಡು ಸಲವೂ ಇಳಿಸಿದರು. ಹದಿನಾರನೆಯದಕ್ಕೆ ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಎಲ್ಲವೂ ನಮ್ಮನೇದೇ ಅನ್ನಿಸ್ತೈತೆ ಆಚಾರ್ರೆ. ಒಂದೂ ನಮ್ಮನೇದಲ್ಲ ಅಂತಾನೂ ಅನ್ನಿಸ್ತೈತೆ."

ಆಚಾರ್ರು ಬಂದೂಕು ಕೆಳಗಿಟ್ಟರು. "ತಪ್ಪು ನಂದೇ ತಾಯಿ. ಆಡಿಸೋರಿಗೆ ತಮ್ಮ ದನಿ ತಿಳಿಯಕಿಲ್ಲ. ನೀನು ಕೇಳಿರೋದು ಹೊಸ್ತಿಲ ಮ್ಯಾಗಿಂದ. ಅವನು ಕೇಳೋದು ಬಿಳುಪಿನೊಳಗಿಂದ. ಅದರೊಳಗೆ ನಿಂತು ನಿಮ್ಮನೆ ಬಂದೂಕು ಕೇಳಿದೋರು ಇನ್ಯಾರವ್ರೆ?"

ಇಬ್ಬರೂ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಮೂವತ್ತೆರಡು ವರ್ಷದವನು ನಾನು, ಒಂದು ಸಲವೂ ಬಿಳುಪಿನೊಳಗೆ ಕಾಲಿಟ್ಟವನಲ್ಲ. ಭಯ. ಅಣ್ಣ ಅದನ್ನು ಯಾರಿಗೂ ಹೇಳದೆ, "ಅವ್ನು ರಿಪೇರಿ ಕೆಲ್ಸದೋನು" ಅಂದುಬಿಟ್ಟು ಪ್ರತಿ ವರ್ಷ ತಾನೇ ಹೋಗುತ್ತಿದ್ದ.

ಅತ್ತಿಗೆ ತಟ್ಟನೆ ಎದ್ದರು. "ಕರಿಮೂತಿ ಕೇಳೈತೆ!"

ಕರಿಮೂತಿ ಅಂದರೆ ನಮ್ಮ ಮಂದೆಯ ಹಿರಿಯ ಕುರಿ. ಒಂಬತ್ತು ವರ್ಷ ಮಂದೆಯನ್ನು ಬಿಳುಪಿನಿಂದ ಮನೆಗೆ ನಡೆಸಿಕೊಂಡು ಬಂದದ್ದು ಅದೇ. ಈ ವರ್ಷ ಮುಂಗಾಲು ಉಳುಕಿ ಹಟ್ಟಿಯಲ್ಲೇ ಉಳಿದಿತ್ತು. ನಾನು ಓಡಿದೆ. ಅದನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಬರುವಾಗ ಜನ, "ಏನೋ ಓಬ, ಕುರಿಗೂ ಎಣ್ಣೆ ಹಾಕ್ದ್ಯೇನೋ?" ಅಂತ ಕೇಳಿದರು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು.

"ಕುರೀನ ಅಂಗಡಿಗೆ ಹತ್ತಿಸ್ತೀರಾ!" ಅಂತ ಈರಮ್ಮ ಅಂದರೂ ಒಂದು ಗೋಣಿಚೀಲ ತಂದು ಹಾಸಿದರು. ಕರಿಮೂತಿ ಅದರ ಮೇಲೆ ಮಂಡಿಯೂರಿ ಕೂತು, ಗಿರಾಕಿಯ ಗತ್ತಿನಲ್ಲಿ ಅಂಗಡಿಯನ್ನೆಲ್ಲ ನೋಡಿತು. ಆಚಾರ್ರು ಮೊದಲಿನಿಂದ ಶುರುಮಾಡಿದರು. ಒಂದೊಂದಕ್ಕೂ ಮೂರು ಸಲ. ಕರಿಮೂತಿ ಮೆಲುಕು ಹಾಕಿತು. ಹತ್ತು, ಇಪ್ಪತ್ತು, ಮೂವತ್ತು. ಈರಮ್ಮನ ಮೊರದಿಂದ ಶೇಂಗಾ ತಿಂದಿತು. ಬಿಸಿಲು ಬಾಗಿಲಿನಿಂದ ಒಳಗೆ ಬಂದು, ಗೋಡೆ ಹತ್ತಿ, ಹೊರಟು ನಿಂತಿತು. ಐವತ್ತೆರಡನೆಯದನ್ನೂ ಆಡಿಸಿ ಆಚಾರ್ರು ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡರು, ಚರ್ಮ ಕಿತ್ತಿತ್ತು. ಕುರಿ ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಇಷ್ಟೇಯ ನನ್ನ ಹತ್ರ ಇರೋದು" ಅಂದರು.

ಇನ್ನು ಸ್ವಲ್ಪ ಹೊತ್ತಿಗೆ ಎರಡನೇ ಸಂಜೆಯ ಕರೆ. ಅತ್ತಿಗೆ ಮೇಜಿನ ಮೇಲಿದ್ದ ಕಡೆಯ ಬಂದೂಕನ್ನು ಸುಮ್ಮನೆ ಕೈಗೆ ತೆಗೆದುಕೊಂಡರು. ಏನೂ ತೋಚದೆ ಇರುವಾಗ ಹೆಂಗಸರು ಸೆರಗಿನ ಅಂಚು ಹಿಡಿದು ಮಡಚುತ್ತಾರಲ್ಲ, ಹಾಗೆ ಅದನ್ನು ಸೊಂಟಕ್ಕೆ ಆನಿಸಿ ಲಿವರ್ ಒತ್ತಿ ಎಳೆದರು.

ಕರಿಮೂತಿ ಮೆಲುಕು ನಿಲ್ಲಿಸಿತು. ಕಿವಿ ನೆಟ್ಟಗಾದವು. ಉಳುಕಿದ ಕಾಲು ಎಳೆಯುತ್ತಾ ಎದ್ದು, ಮೊರ ಉರುಳಿಸಿ, ನೇರವಾಗಿ ಅತ್ತಿಗೆಯ ಹತ್ತಿರ ಬಂದು ಅವರ ಮಂಡಿಗೆ ಹಣೆ ಒತ್ತಿತು.

"ಇದೇಯ! ಕೊಡಿಲ್ಲಿ!" ಅಂತ ಆಚಾರ್ರು ಬಂದೂಕು ಕಸಿದುಕೊಂಡು ತಾವೇ ಆಡಿಸಿದರು. ಕುರಿ ಅವರ ಕಡೆ ತಿರುಗಲೂ ಇಲ್ಲ. ಮತ್ತೆ ಅತ್ತಿಗೆಗೆ ಕೊಟ್ಟರು. ಅತ್ತಿಗೆ ಆಡಿಸಿದರೆ ಕುರಿ ಬಾಲ ಆಡಿಸಿತು. ಗೋಡೆಯಿಂದ ಬೇರೊಂದನ್ನು ಇಳಿಸಿ ಕೊಟ್ಟರು, ದಪ್ಪ ದನಿಯದು. ಅತ್ತಿಗೆ ಆಡಿಸಿದರು, ಕುರಿ ಮತ್ತೆ ಹಣೆ ಒತ್ತಿತು. ಗಿಡ್ಡ ನಳಿಗೆಯದಕ್ಕೂ ಹಾಗೇ. ಲೊಚಗುಟ್ಟುವ ಮುದುಕಿಯಂಥದಕ್ಕೂ ಹಾಗೇ. ನನ್ನ ತೋಳಿನ ಕೂದಲು ಎದ್ದು ನಿಂತವು.

ಆಚಾರ್ರು ನೆಲದ ಮೇಲೆ ಕೂತುಬಿಟ್ಟರು. "ಇನ್ನೊಂದು ಸಲ, ನಿಧಾನಕ್ಕೆ ಆಡಿಸವ್ವ." ಕಣ್ಣು ಮುಚ್ಚಿ ಕೇಳಿದರು. "ಚಕ್ ಅಂದು ಟಕ್ ಅನ್ನೋಕೆ ಮುಂಚೆ ನಿಲ್ತೀಯ. ಎಲ್ರೂ ನಿಲ್ತಾರೆ, ನೀನು ಒಂದು ಗುಟುಕು ಜಾಸ್ತಿ ನಿಲ್ತೀಯ. ಮೂರು ಸಲಾನೂ ಅಳತೆ ಹಿಡಿದಂಗೆ ಅಷ್ಟೇಯ. ಆ ಹೊತ್ನಾಗೆ ಏನು ಮಾಡ್ತೀಯ?"

"ಏನೂ ಇಲ್ಲಪ್ಪ."

"ಏನೋ ಮಾಡ್ತೀಯ."

ಅತ್ತಿಗೆಯ ಕತ್ತಿನವರೆಗೂ ಕೆಂಪೇರಿತು. ಈರಮ್ಮನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಈರಮ್ಮ ಮೊದಲು ಗೊಳ್ಳನೆ ನಕ್ಕರು. ಆಮೇಲೆ ನಗು ಅರ್ಧಕ್ಕೆ ನಿಂತಿತು.

"ಗಂಡನ ಹೆಸರು ಹೇಳ್ಕಳ್ತಾಳಂತೆ ಕಣ್ರೀ" ಅಂದರು ಮೆಲ್ಲಗೆ. "ಬಾಯಲ್ಲಿ ಹೇಳೋ ಹಂಗಿಲ್ಲವಲ್ಲ. ಅದಕ್ಕೇ ಮನಸ್ನಾಗೆ. ಚಕ್ ಅಂದಮ್ಯಾಗೆ ಹೆಸರು ಪೂರಾ ಹೇಳಿ ಮುಗಿಸಿ, ಆಮ್ಯಾಗೆ ಟಕ್ ಅನ್ನಿಸೋದಂತೆ. ಮದುವೆಯಾದ ವರ್ಷದಿಂದ."

ನಮ್ಮಣ್ಣನನ್ನು ಊರೆಲ್ಲ ಮೈಲಾರಿ ಅನ್ನುತ್ತದೆ. ಪೂರ್ತಿ ಹೆಸರು ಮೈಲಾರಲಿಂಗಪ್ಪ. ಅಷ್ಟುದ್ದದ ಹೆಸರು ತೊಟ್ಟಿಲಿಗೆ ಹಾಕಿದ ದಿನ ಬಿಟ್ಟರೆ ಮತ್ತೆ ಯಾರೂ ಕರೆದದ್ದಿಲ್ಲ ಅಂದುಕೊಂಡಿದ್ದೆ. ಹದಿಮೂರು ವರ್ಷದಿಂದ, ಬಿಳುಪು ನಿಂತಷ್ಟು ದಿನವೂ, ದಿನಕ್ಕೆ ಆರು ಸಲ ನಮ್ಮ ಹೊಸ್ತಿಲಿನಿಂದ ಆ ಹೆಸರು ಬಯಲಿಗೆ ಹೋಗುತ್ತಿತ್ತು.

ಆಚಾರ್ರು ಗೋಡೆಯ ಮೇಲಿನ ಬಂದೂಕುಗಳನ್ನು ಒಂದೊಂದಾಗಿ ನೋಡಿದರು. "ನಲವತ್ತು ವರ್ಷ ಕಬ್ಬಿಣ ಕೇಳ್ತಾ ಕೂತೆ" ಅಂದರು. ಮತ್ತೆ ಎದ್ದು, ಮುಖ ಒರೆಸಿಕೊಂಡು ವ್ಯಾಪಾರಕ್ಕೆ ನಿಂತರು. "ಸರಿ, ಈಗ ತಿರುಗಿ ಕೂತ್ಕಳವ್ವ. ಕಣ್ಣು ಬಿಟ್ಟೇ ಆರಿಸು. ನಿನ್ನ ಕೈಗೆ ಯಾವುದು ಒಪ್ತೈತೋ ಅದು."

ಆಗ ಅತ್ತಿಗೆ ಬಂದೂಕು ಆರಿಸಿದ ಚಂದ ನೋಡಬೇಕಿತ್ತು. ಹಳೆಯದು ಅವರ ಅತ್ತೆಯದು, ಅಂದರೆ ನಮ್ಮವ್ವನದು. ಅವ್ವ ಉದ್ದಾಳು, ಅತ್ತಿಗೆ ಗಿಡ್ಡ. ಹದಿಮೂರು ವರ್ಷ ತುದಿಗಾಲಲ್ಲಿ ನಿಂತು ಆಡಿಸಿದ್ದರಂತೆ, ನಮಗೆ ಗೊತ್ತೇ ಇರಲಿಲ್ಲ. ಉದ್ದ ನಳಿಗೆಯವನ್ನೆಲ್ಲ ಪಕ್ಕಕ್ಕಿಟ್ಟರು. ಎರಡು ಬೆರಳಿನ ಲಿವರಿಗೆ ಬಳೆ ತಾಕುತ್ತದೆ ಅಂದರು. ಒಂದರ ಹಿಡಿ ಸೊಂಟಕ್ಕೆ ಚುಚ್ಚುತ್ತದೆ, ಒಂದು ಕೊಡದಷ್ಟು ಭಾರ, ಒಂದರ ಲಿವರ್ ಹಟಮಾರಿ. ಹಿತ್ತಾಳೆಯದನ್ನು ಎತ್ತಿ, ಅದರಲ್ಲಿ ಮುಖ ನೋಡಿಕೊಂಡು, ನಕ್ಕು, ಇಟ್ಟುಬಿಟ್ಟರು. ಕಡೆಗೆ ಹಲಸಿನ ಮರದ ಹಿಡಿಯ, ಗಿಡ್ಡ ನಳಿಗೆಯ, ನಾಲ್ಕು ಬೆರಳು ಸಲೀಸಾಗಿ ಹಿಡಿಸುವ ಲಿವರಿನ ಒಂದನ್ನು ಕೈಗೆತ್ತಿಕೊಂಡವರು ಮತ್ತೆ ಕೆಳಗಿಡಲಿಲ್ಲ.

"ಇದು ನಂದು" ಅಂದರು.

ಬೆಲೆಯ ಮಾತು ಬರಲಿಲ್ಲ. ಬಂದೂಕು ಒಬ್ಬರನ್ನು ಮನೆಗೆ ಕರೆದು ತರುವ ತನಕ ಅದು ಅಂಗಡಿಯದೇ, ನಮ್ಮೂರ ಪದ್ಧತಿ ಅದು.

ಆ ಸಂಜೆ ಅತ್ತಿಗೆ ಹೊಸ್ತಿಲ ಮೇಲೆ ಅಂಗಾಲೂರಿ ನಿಂತು ಮೂರು ಸಲ ಕರೆದರು. ಬಿಳುಪು ಸುಮ್ಮನೆ ನಿಂತಿತ್ತು. ಮರುದಿನ ಬೆಳಿಗ್ಗೆ ಕರೆದರು. ಯಾರೂ ಬರಲಿಲ್ಲ. ಆ ಹಗಲು ನಾನು ಬೀದಿಯ ಕೊನೆಯ ಕಲ್ಲಿನ ಹತ್ತಿರ ಹೋಗಿ ಕೂತೆ. ಎಣ್ಣೆಯ ಡಬ್ಬಿಯನ್ನು ತೆಗೆದು ಕಲ್ಲಿನ ಮೇಲಿಟ್ಟೆ. ಬಿಳುಪಿನೊಳಗೆ ಒಂದು ಕೈ ಚಾಚಿದೆ, ಮೊಣಕೈವರೆಗೆ ಹೋಯಿತು, ತಣ್ಣಗಿತ್ತು. ಅದಕ್ಕಿಂತ ಮುಂದೆ ಹೋಗಲು ಆಗಲಿಲ್ಲ. ಅಣ್ಣ ಬರದೇ ಹೋದರೆ ನಾನು ಒಳಗೆ ಹೋಗುವವನೇ, ಅಂತ ನನಗೆ ನಾನೇ ಹೇಳಿಕೊಂಡೆ. ಹೋಗುತ್ತಿದ್ದೆನೋ ಇಲ್ಲವೋ, ಈಗ ಹೇಳಿ ಏನು ಪ್ರಯೋಜನ.

ಮೂರನೇ ಸಂಜೆ ಎಪ್ಪತ್ತು ಮನೆ ಒಟ್ಟಿಗೆ ಕರೆದವು. ಎಲ್ಲರೂ ನಿಲ್ಲಿಸಿದ ಮೇಲೂ ಅತ್ತಿಗೆ ನಿಲ್ಲಿಸಲಿಲ್ಲ. ನಾಲ್ಕು, ಐದು, ಆರು. ಲೆಕ್ಕ ಮೀರಿ ಕರೆಯಬಾರದು, ಆದರೆ ಬೀದಿಯಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಪ್ರತಿ ಸಲವೂ ಚಕ್ ಆದ ಮೇಲೆ ಆ ಬಿಡುವಿನಲ್ಲಿ ನಾನು ಹೆಸರು ಕೇಳುತ್ತಿದ್ದೆ. ಆಮೇಲೆ ಕಲ್ಲಿನ ಪಕ್ಕದಲ್ಲಿ ಗೋಡೆಯಂತಿದ್ದ ಬಿಳುಪು ಸ್ವಲ್ಪ ಉಬ್ಬಿತು, ಒಂದು ಕುರಿಯ ಮೂತಿ ಈಚೆ ಬಂತು. ಹಿಂದೆಯೇ ಇನ್ನೊಂದು. ಹಟ್ಟಿಯಿಂದ ಕರಿಮೂತಿ ಬ್ಯಾ ಅಂದಿತು. ಕುರಿಗಳ ಹಿಂದೆ ಕಂಬಳಿ ಹೊದ್ದ ಅಣ್ಣ, ಗಡ್ಡದ ತುಂಬ ನೀರಹನಿ, ಬೀದಿಯ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು.

ಸೀದಾ ಹೊಸ್ತಿಲಿಗೆ ಬಂದವನು ಕೇಳಿದ್ದು ಒಂದೇ: "ಎರಡು ಹೊತ್ತು ಯಾಕೆ ಕರೀಲಿಲ್ಲ? ಜ್ವರ ಬಂದಿತ್ತೇನೆ?"

ಅತ್ತಿಗೆಯ ಕೈಯಲ್ಲಿ ಹೊಸ ಬಂದೂಕು ಇತ್ತು. ಅದನ್ನು ಅವನು ನೋಡಲೇ ಇಲ್ಲ.

ಎರಡು ದಿನ ಬಿಟ್ಟು ಅಣ್ಣನೂ ನಾನೂ ಹೊಸ ಕಂಬಳಿ ಮತ್ತು ಒಂದು ಹೆಣ್ಣುಮರಿ ಹಿಡಿದುಕೊಂಡು ಬಂದೂಕಿನ ಬೆಲೆ ಮುಟ್ಟಿಸಲು ಹೋದೆವು. ಅಂಗಡಿಯೊಳಗೆ ಯಾರೂ ಇರಲಿಲ್ಲ. ಈರಮ್ಮ ಹೊಸ್ತಿಲ ಮೇಲೆ ಬಂದೂಕು ಹಿಡಿದು ನಿಂತಿದ್ದರು. ಅಂಗಡಿಯವರ ಹೆಂಡತಿ, ಬಿಳುಪಿನೊಳಗೆ ಹೋಗದವನ ಹೆಂಡತಿ, ಜನ್ಮದಲ್ಲಿ ಒಂದು ದಿನವೂ ಲಿವರ್ ಆಡಿಸಿದವರಲ್ಲ.

"ನಮ್ಮನೆಯವ್ರಿಗೆ ತಲೆ ಕೆಟ್ಟೈತೆ ಕಣಪ್ಪ ಮೈಲಾರಿ. 'ಒಳಗೆ ನೂರು ಹೆಜ್ಜೆ ಹೋಗಿ ನಿಲ್ತೀನಿ, ನೀನು ಕರಿ, ಒಂದು ಸಲ ಮನೆಗೆ ಬಂದು ನೋಡ್ಬೇಕು' ಅಂತಾರೆ. ಅರವತ್ತು ವರ್ಷಕ್ಕೆ! ಹೊಂಟೇ ಹೋದ್ರು. ನಾನೇನು ಪಾಲಮ್ಮನಾ? ನಂಗೆಲ್ಲಿ ಬತ್ತೈತೆ ಅದು?"

"ಕರೀ ಅತ್ತೆ" ಅಂದ ಅಣ್ಣ.

ಈರಮ್ಮ ಬಂದೂಕನ್ನು ಸೊಂಟಕ್ಕೆ ಆನಿಸಿದರು. ಎದುರು ಮನೆಯ ಒನಕೆ ನಿಂತಿತು, ಮಕ್ಕಳು ಗೋಲಿ ಕೈಯಲ್ಲೇ ಹಿಡಿದು ನಿಂತವು. ಚಕ್. ಈರಮ್ಮ ಕಣ್ಣು ಮುಚ್ಚಿದರು. ತುಟಿ ಬಿಗಿಯಾಗಿ ಮುಚ್ಚಿತ್ತು, ಗಂಟಲು ಮಾತ್ರ ಒಂದಿಷ್ಟು ಅಲುಗಿತು. ಟಕ್.

ಎರಡನೆಯ ಸಲ. ಮೂರನೆಯ ಸಲ.

ಬಿಳುಪಿನಿಂದ ಆಚಾರ್ರು ಈಚೆ ಬಂದರು. ಬರಿಗಾಲಲ್ಲಿ, ಎರಡೂ ಕೈ ಮುಂದಕ್ಕೆ ಚಾಚಿಕೊಂಡು, ಕಣ್ಣು ಮುಚ್ಚಿಕೊಂಡೇ ಬೀದಿಯುದ್ದಕ್ಕೂ ನಡೆದು ಬಂದರು. ಯಾರೂ ಅವರ ಕೈ ಹಿಡಿಯಲಿಲ್ಲ, ಯಾರೂ ದಾರಿ ಹೇಳಲಿಲ್ಲ. ಹೊಸ್ತಿಲು ಕಾಲಿಗೆ ತಾಕಿದ ಮೇಲೆ ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು. ಆಮೇಲೆ ನಮ್ಮ ಕಂಬಳಿ, ಮರಿ ನೋಡಿ, "ಅದನ್ನ ಈರಮ್ಮನ ಕೈಗೆ ಕೊಡ್ರಪ್ಪ" ಅಂದರು. "ನಾನು ಈಗ ತಾನೆ ಮನೆಗೆ ಬಂದೀನಿ."